ತಿನ್ನುವವರ ಸಾಲಿನಲ್ಲಿ ಏರುವ ವಿಷ



ನಮ್ಮ ಸದಸ್ಯರೊಬ್ಬರ ಬೀಗರು ರೋಣದ ಕಡೆಯ ಅಬ್ಬಿಗೇರಿಯವರು. ಎರೆಹೊಲದ ಒಕ್ಕಲುತನ, ಹತ್ತಿ, ಜೋಳ, ಕಡಲೆ ಬೆಳೆಯುವವರು. ಈಚೆಗೆ ಘಟ್ಟದ ಕಡೆ ಬಂದಿದ್ದಾಗ ಸಂಘದ ಗೋದಾಮಿನಲ್ಲಿ ಹತ್ತಿಕಾಳು ಹಿಂಡಿಯ ಚೀಲಗಳನ್ನು ಕಂಡು, “ಇದು ನಮ್ಮ ಕಡೀದ ಇದ್ದಂಗ ಐತಲ್ರಿ. ನಾವು ಹತ್ತಿಗೆ ಹೊಡದ ಎಣ್ಣಿ ನಿಮ್ಮ ಮನಿ ಬೆಣ್ಣಿಯೊಳಗ ಬರತೈತೇನ್ರಿ?” ಎಂದು ಕೇಳಿದರು. ನಗುತ್ತಲೇ ಕೇಳಿದ ಮಾತು. ಅಲ್ಲಿದ್ದವರೂ ನಕ್ಕರು. ಆದರೆ ಉತ್ತರ ಮಾತ್ರ ಯಾರೂ ಹೇಳಲಿಲ್ಲ.

ಇದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಯಾವ ಎಣ್ಣೆ ಎಂಬುದರ ಮೇಲೆ ಉತ್ತರ ನಿಂತಿದೆ. ಹೊಲ ತೋಟಗಳಿಗೆ ಹೊಡೆಯುವ ಔಷಧಿಗಳಲ್ಲಿ ಕೆಲವು ಹೊಡೆದಲ್ಲಿಯೇ ಮುಗಿದುಹೋಗುತ್ತವೆ. ಕೆಲವು ಹುಲ್ಲಿನಿಂದ ದನಕ್ಕೆ, ದನದಿಂದ ಮನುಷ್ಯರಿಗೆ, ಹುಳುವಿನಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ ಎಂದು ಮೆಟ್ಟಿಲು ಹತ್ತುತ್ತ ಹೋಗುತ್ತವೆ, ಹತ್ತಿದಂತೆಲ್ಲ ಸಾಂದ್ರವಾಗುತ್ತವೆ. ಈ ಎರಡು ಜಾತಿಯನ್ನು ಬೇರೆ ಮಾಡಿ ನೋಡುವುದನ್ನು ಬೆಳೆಗಾರರಾದ ನಾವು ಕಲಿಯುವುದು ಅವಶ್ಯವಾದುದರಿಂದ ಈ ಲೇಖನ.

ಮೊದಲು ಅಡಿಗೆಮನೆಯ ಒಂದು ಉದಾಹರಣೆ. ನೀರಿನಲ್ಲಿ ಉಪ್ಪು ಹಾಕಿದರೆ ಕರಗುತ್ತದೆ, ಎಣ್ಣೆಯಲ್ಲಿ ಹಾಕಿದರೆ ತಳಕ್ಕೆ ಕೂರುತ್ತದೆ. ಅರಿಸಿನದ ಬಣ್ಣ ಇದಕ್ಕೆ ತದ್ವಿರುದ್ಧ; ಒಗ್ಗರಣೆಯ ಎಣ್ಣೆಗೆ ಬೇಗ ಹಿಡಿಯುತ್ತದೆ, ನೀರಿಗೆ ಅಷ್ಟಾಗಿ ಹಿಡಿಯುವುದಿಲ್ಲ. ರಾಸಾಯನಿಕಗಳಲ್ಲಿಯೂ ಇದೇ ಭೇದವಿದೆ. ನೀರಿನಲ್ಲಿ ಕರಗುವ ವಸ್ತು ಪ್ರಾಣಿಯ ಹೊಟ್ಟೆ ಸೇರಿದರೂ ಮೂತ್ರದ ಮೂಲಕ ಬಹುಮಟ್ಟಿಗೆ ಹೊರಗೆ ಹೋಗುತ್ತದೆ. ಕೊಬ್ಬಿನಲ್ಲಿ ಕರಗುವುದು ಹಾಗಲ್ಲ. ಅದು ರಕ್ತದಿಂದ ಹೊರಬಿದ್ದು ಮೈಯ ಕೊಬ್ಬಿನಲ್ಲಿ ಹೋಗಿ ಕೂರುತ್ತದೆ. ಡಿ.ಡಿ.ಟಿ.ಯನ್ನು ನೀರು ಮತ್ತು ಎಣ್ಣೆಯಂಥ ದ್ರವ ಎರಡರಲ್ಲೂ ಹಾಕಿ ಕುಲುಕಿಬಿಟ್ಟರೆ ನೀರಿನಲ್ಲಿ ಉಳಿಯುವ ಒಂದು ಪಾಲಿಗೆ ಎಣ್ಣೆಯಲ್ಲಿ ಹಲವು ಲಕ್ಷ ಪಾಲು ಸೇರಿಕೊಳ್ಳುತ್ತದೆ. ಬಯಲುಸೀಮೆಯವರು ಕೀಟನಾಶಕಕ್ಕೆಲ್ಲ ‘ಎಣ್ಣೆ’ ಎಂದೇ ಹೇಳುತ್ತಾರೆ. ಅವರು ಬೇರೆ ಕಾರಣಕ್ಕೆ ಇಟ್ಟುಕೊಂಡ ಹೆಸರು, ಆದರೆ ಡಿ.ಡಿ.ಟಿ.ಯ ಜಾತಿಯವುಗಳ ಮಟ್ಟಿಗೆ ಸರಿಯಾಗಿಯೇ ಒಪ್ಪುತ್ತದೆ.

ಕೊಬ್ಬಿನಲ್ಲಿ ಕೂತರಷ್ಟೇ ಸಾಲದು, ಬೇಗ ಒಡೆದುಹೋಗದೆ ಉಳಿಯಬೇಕು. ಬಿಸಿಲು, ಮಳೆ, ಮಣ್ಣಿನ ಸೂಕ್ಷ್ಮಜೀವಿ, ಪ್ರಾಣಿಯ ಪಿತ್ತಜನಕಾಂಗ ಎಲ್ಲವನ್ನೂ ತಡೆದುಕೊಳ್ಳಬೇಕು. ಕೊಬ್ಬಿಗೆ ಒಲಿಯುವ ಗುಣ, ಒಡೆಯದ ಗುಣ ಇವೆರಡೂ ಕೂಡಿದ ವಸ್ತುವೇ ಆಹಾರದ ಸರಪಳಿಯಲ್ಲಿ ಮೇಲೇರುವುದು. ಕ್ಲೋರಿನ್ ಸೇರಿದ ಹಳೆಯ ಕೀಟನಾಶಕಗಳಾದ ಡಿ.ಡಿ.ಟಿ., ಬಿ.ಎಚ್.ಸಿ., ಆಲ್ಡ್ರಿನ್, ಎಂಡ್ರಿನ್ ಮೊದಲಾದವುಗಳಲ್ಲಿ ಈ ಎರಡೂ ಗುಣಗಳು ಧಾರಾಳವಾಗಿದ್ದವು.

ಏರುವ ಲೆಕ್ಕ ಹೀಗೆ. ಯಾವ ಪ್ರಾಣಿಯೂ ತಿಂದದ್ದನ್ನೆಲ್ಲ ಮೈಗೆ ಹಚ್ಚಿಕೊಳ್ಳುವುದಿಲ್ಲ. ಹೆಚ್ಚುಕಡಿಮೆ ಹತ್ತು ಸೇರು ತಿಂದರೆ ಒಂದು ಸೇರು ಮೈಯಾಗುತ್ತದೆ, ಮಿಕ್ಕದ್ದು ಉಸಿರಾಡಲು, ಓಡಾಡಲು ಖರ್ಚಾಗುತ್ತದೆ. ಆದರೆ ಆ ಹತ್ತು ಸೇರಿನಲ್ಲಿದ್ದ ವಿಷ ಖರ್ಚಾಗುವುದಿಲ್ಲ. ಬಹುಪಾಲು ಆ ಒಂದು ಸೇರಿನಲ್ಲಿಯೇ ಉಳಿಯುತ್ತದೆ. ಗದ್ದೆಯ ಪಾಚಿಯನ್ನು ಬಸವನಹುಳು ಮೇಯುತ್ತದೆ, ಬಸವನಹುಳುವನ್ನು ಏಡಿ ತಿನ್ನುತ್ತದೆ, ಏಡಿಯನ್ನು ಕೊಕ್ಕರೆಯೋ ಮನುಷ್ಯರೋ ತಿನ್ನುತ್ತಾರೆ. ಪ್ರತಿ ಮೆಟ್ಟಿಲಿಗೆ ಹತ್ತು ಪಟ್ಟು ಎಂದು ಲೆಕ್ಕಕ್ಕಾಗಿ ಹಿಡಿದರೂ ಮೂರು ಮೆಟ್ಟಿಲಿಗೆ ಸಾವಿರ ಪಟ್ಟು. ನಿಜದಲ್ಲಿ ಲೆಕ್ಕ ಇಷ್ಟು ನೇರವಾಗಿರುವುದಿಲ್ಲ, ಒಂದೊಂದು ವಸ್ತುವಿಗೆ ಒಂದೊಂದು ಬಗೆ. ಆದರೂ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ “ಏನೂ ಇಲ್ಲ” ಎಂಬ ಕಾಗದ ತಂದು ಸಮಾಧಾನಪಟ್ಟುಕೊಳ್ಳುವುದು ಏಕೆ ಸಾಲದು ಎಂಬುದು ಇದರಿಂದ ತಿಳಿಯುತ್ತದೆ. ನೀರಿನಲ್ಲಿ ಕಾಣದಷ್ಟು ಕಡಿಮೆ ಇದ್ದದ್ದು ಮೀನಿನ ಕೊಬ್ಬಿನಲ್ಲಿ ಢಾಳಾಗಿ ಕಾಣಬಹುದು.

ಈ ಸಂಗತಿ ಜಗತ್ತಿಗೆ ಮೊದಲು ಸ್ಪಷ್ಟವಾಗಿ ತಿಳಿದದ್ದು ಅಮೆರಿಕದ ಕ್ಯಾಲಿಫೋರ್ನಿಯದ ಕ್ಲಿಯರ್ ಲೇಕ್ ಎಂಬ ಸರೋವರದಲ್ಲಿ. ಅಲ್ಲಿ ಮೀನು ಹಿಡಿಯುವವರಿಗೆ ಒಂದು ಬಗೆಯ ಗುಂಗಾಡಿನ ಕಾಟ. ಕಚ್ಚುತ್ತಿರಲಿಲ್ಲ, ಕೇವಲ ಕಿರಿಕಿರಿ. ಅದನ್ನು ನಿವಾರಿಸಲು 1949ರಲ್ಲಿ ಡಿ.ಡಿ.ಟಿ.ಯ ಸೋದರನಾದ ಡಿ.ಡಿ.ಡಿ.ಯನ್ನು ಏಳು ಕೋಟಿ ಭಾಗ ನೀರಿಗೆ ಒಂದು ಭಾಗದಂತೆ ಬೆರೆಸಿದರು. 1954 ಮತ್ತು 1957ರಲ್ಲಿ ಐದು ಕೋಟಿಗೆ ಒಂದರಂತೆ ಮತ್ತೆ ಬೆರೆಸಿದರು. 1954ರ ಚಳಿಗಾಲದಲ್ಲಿಯೇ ಆ ಸರೋವರದ ಗುಳುಮುಳುಕ ಹಕ್ಕಿಗಳು ಸಾಯತೊಡಗಿದವು. ನೂರಕ್ಕೂ ಹೆಚ್ಚು ಸತ್ತವು. ರೋಗವೆಂದು ಹುಡುಕಿದರು, ರೋಗ ಸಿಗಲಿಲ್ಲ. ಕೊನೆಗೆ ಹಕ್ಕಿಯ ಕೊಬ್ಬನ್ನು ಪರೀಕ್ಷಿಸಿದಾಗ ದಶಲಕ್ಷಕ್ಕೆ 1,600 ಭಾಗ ಡಿ.ಡಿ.ಡಿ. ಸಿಕ್ಕಿತು. ನೀರಿನಲ್ಲಿ ಬೆರೆಸಿದ್ದು ದಶಲಕ್ಷಕ್ಕೆ 0.02 ಭಾಗ! ನಡುವಿನ ಮೆಟ್ಟಿಲುಗಳೂ ಸಿಕ್ಕಿದವು: ನೀರಿನ ಸೂಕ್ಷ್ಮಜೀವಿಗಳಲ್ಲಿ 5 ಭಾಗ, ಅವನ್ನು ತಿನ್ನುವ ಮೀನುಗಳಲ್ಲಿ 40ರಿಂದ 300, ಮೀನನ್ನೇ ತಿನ್ನುವ ಮೀನುಗಳಲ್ಲಿ ಇನ್ನೂ ಹೆಚ್ಚು. ಸಾವಿರ ಜೋಡಿ ಗೂಡು ಕಟ್ಟುತ್ತಿದ್ದ ಸರೋವರದಲ್ಲಿ 1960ರ ಹೊತ್ತಿಗೆ ಉಳಿದದ್ದು ಸುಮಾರು 30 ಜೋಡಿ. ರೇಚಲ್ ಕಾರ್ಸನ್ ಅವರು 1962ರಲ್ಲಿ ಬರೆದ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕದಲ್ಲಿ ಈ ವಿಷಯ ಬಂದ ಮೇಲೆ ಹೊರಜಗತ್ತಿಗೂ ತಿಳಿಯಿತು.

ನಮ್ಮ ನಾಡಿಗೆ ಡಿ.ಡಿ.ಟಿ. ಬಂದದ್ದು ಶತ್ರುವಾಗಿ ಅಲ್ಲ ಎಂಬುದನ್ನೂ ಹೇಳಬೇಕು. ಮಲೆನಾಡು ಎಂದರೆ ಚಳಿಜ್ವರದ ಸೀಮೆ ಎಂದು ಹೆಣ್ಣು ಕೊಡಲು ಹೆದರುತ್ತಿದ್ದ ಕಾಲವನ್ನು ನಮ್ಮ ತಂದೆಯವರ ತಲೆಮಾರಿನವರು ಕಂಡಿದ್ದರು. ತೋಟಗಳಿಗೆ ಆಳು ಬಂದರೆ ಎರಡು ಮಳೆಗಾಲ ಬದುಕಿ ಉಳಿಯುವ ಭರವಸೆ ಇರಲಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಕೂಡಲೆ, 1946ರ ಸುಮಾರಿನಲ್ಲಿ, ಆಗಿನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಮತ್ತು ಕಾರವಾರ ಜಿಲ್ಲೆಗಳಲ್ಲಿ ಡಾ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮನೆಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕೆಲಸ ಆರಂಭವಾಯಿತು. ರೋಣ ತಾಲ್ಲೂಕು ಆಗ ಧಾರವಾಡ ಜಿಲ್ಲೆಯದೇ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ಕಂಡುಹಿಡಿದ ಪಾಲ್ ಮುಲ್ಲರ್ ಅವರಿಗೆ 1948ರಲ್ಲಿ ನೊಬೆಲ್ ಬಹುಮಾನ ಬಂದಾಗ ಅದು ತಪ್ಪೆಂದು ಯಾರಿಗೂ ಅನಿಸಲಿಲ್ಲ. ಇಂದಿಗೂ ನನಗೆ ಅನಿಸುವುದಿಲ್ಲ. ಗೋಡೆಗೆ ಹೊಡೆದ ಡಿ.ಡಿ.ಟಿ. ಜೀವ ಉಳಿಸಿತು. ಅದನ್ನೇ ಅಗ್ಗವೆಂದು ಹೊಲಗದ್ದೆಗಳಿಗೆ ಚೀಲಗಟ್ಟಲೆ ಸುರಿದದ್ದು ಬೇರೆ ಮಾತು. ನಮ್ಮ ದೇಶದಲ್ಲಿ ಕೃಷಿಗೆ ಡಿ.ಡಿ.ಟಿ. ಬಳಸುವುದನ್ನು 1989ರಲ್ಲಿ ನಿಲ್ಲಿಸಲಾಯಿತು.

ಡಿ.ಡಿ.ಟಿ.ಗಿಂತಲೂ ನಮ್ಮ ಕೈಯಲ್ಲಿ ಹೆಚ್ಚು ಓಡಾಡಿದ್ದು ಬಿ.ಎಚ್.ಸಿ., ಎಂದರೆ ಹಳಬರ ಬಾಯಲ್ಲಿ ಗ್ಯಾಮೆಕ್ಸಿನ್ ಪುಡಿ. ಗದ್ದೆಗೆ ಅದನ್ನೇ ಎರಚುತ್ತಿದ್ದರು. ಅರೇಬಿಕ ಕಾಫಿಯ ಬಿಳಿ ಕಾಂಡಕೊರಕಕ್ಕೂ ಅದೇ. ಮುಂಗಾರಿಗೆ ಮೊದಲು ಒಮ್ಮೆ, ಮಳೆ ಹಿಂದೆ ಸರಿದ ಮೇಲೆ ಒಮ್ಮೆ ದುಂಬಿ ಹಾರುವ ಕಾಲಕ್ಕೆ ಗಿಡದ ಕಾಂಡಕ್ಕೂ ದಪ್ಪ ರೆಕ್ಕೆಗಳಿಗೂ ಸಿಂಪಡಿಸುವುದು ಬಹುಕಾಲ ನಡೆದ ಪದ್ಧತಿ. ಈ ಪುಡಿಯಲ್ಲಿ ಹುಳುವನ್ನು ಕೊಲ್ಲುವ ‘ಗಾಮಾ’ ಅಂಶ ಇದ್ದದ್ದು ನೂರಕ್ಕೆ ಹತ್ತು ಹದಿನೈದು ಭಾಗ ಮಾತ್ರ. ಉಳಿದದ್ದು ಕೆಲಸಕ್ಕೆ ಬಾರದ ಸೋದರ ವಸ್ತುಗಳು. ಅವುಗಳಲ್ಲಿ ‘ಬೀಟಾ’ ಎಂಬುದಂತೂ ಹುಳುವನ್ನು ಕೊಲ್ಲುವುದರಲ್ಲಿ ಹಿಂದೆ, ಕೊಬ್ಬಿನಲ್ಲಿ ಬೇರೂರುವುದರಲ್ಲಿ ಮುಂದೆ. ಕೊಟ್ಟ ಹಣದ ಬಹುಪಾಲಿಗೆ ನಾವು ಕೊಂಡದ್ದು ಈ ಸೋದರ ವಸ್ತುಗಳನ್ನೇ. ಬಿ.ಎಚ್.ಸಿ. 1997ರ ಏಪ್ರಿಲ್‌ನಿಂದ ನಿಷೇಧವಾಯಿತು. ಗಾಮಾ ಅಂಶವನ್ನೇ ಬೇರ್ಪಡಿಸಿ ಮಾರುತ್ತಿದ್ದ ಲಿಂಡೇನ್‌ನ ತಯಾರಿಕೆ 2011ರಲ್ಲಿಯೂ, ಬಳಕೆ 2013ರಲ್ಲಿಯೂ ನಿಂತವು.

ತೋಟದಲ್ಲಿ ಹೊಡೆದದ್ದು ತೋಟದಲ್ಲಿಯೇ ನಿಲ್ಲುವುದಿಲ್ಲ. ಈ ಜಾತಿಯ ವಸ್ತುಗಳು ನೀರಿನಲ್ಲಿ ಕರಗದಿದ್ದರೂ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತವೆ. ನಮ್ಮ ಇಳಿಜಾರಿನ ಮೇಲ್ಮಣ್ಣು ಆಷಾಢದ ಮಳೆಗೆ ಕದಡಿ ಹಳ್ಳಕ್ಕೆ ಹೋಗುತ್ತದೆ, ಹಳ್ಳದಿಂದ ಕೆಳಗಿನ ಗದ್ದೆಗೆ. ಆ ಹಳ್ಳದಲ್ಲಿ, ಗದ್ದೆಯಲ್ಲಿ ಏಡಿ ಹಿಡಿಯುವವರು ಯಾರು? ನಮ್ಮ ತೋಟಕ್ಕೆ ಕೆಲಸಕ್ಕೆ ಬರುವವರೇ. ಮಳೆಗಾಲದಲ್ಲಿ ಕೂಲಿ ಕಡಿಮೆಯಾದಾಗ ಏಡಿ, ಹತ್ತುಮೀನು, ಗದ್ದೆಮೀನು ಅವರ ಒಲೆಯ ಮೇಲಿನ ಸಾರು. ಆಹಾರದ ಸರಪಳಿ ಎಂದಾಗ ಪುಸ್ತಕದವರು ಹದ್ದು, ಗಿಡುಗಗಳ ಚಿತ್ರ ಬರೆಯುತ್ತಾರೆ. ನಮ್ಮ ಊರುಗಳಲ್ಲಿ ಆ ಸಾಲಿನ ತುದಿಯಲ್ಲಿ ನಿಂತಿರುವವರು ಇವರು.

ಈ ಮಾತು ಬಂದಾಗ ಸಾಗರ ತಾಲ್ಲೂಕಿನ ಹಂದಿಗೋಡಿನ ವಿಷಯ ಬಂದೇ ಬರುತ್ತದೆ. 1974–75ರ ಸುಮಾರಿನಲ್ಲಿ ಆ ಊರಿನ ಕೂಲಿಕಾರ ದಲಿತ ಕುಟುಂಬಗಳಲ್ಲಿ ಒಂದು ವಿಚಿತ್ರ ಕಾಯಿಲೆ ಬೆಳಕಿಗೆ ಬಂತು. ಸೊಂಟ, ಮೊಳಕಾಲುಗಳ ಕೀಲು ನೋವು. ನಡೆಯಲಾಗದೆ ಬಾಗಿದ ದೇಹ. ಕೆಲವರಲ್ಲಿ ಎತ್ತರವೇ ಕುಂಠಿತ. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಇತರ ಹಳ್ಳಿಗಳಲ್ಲಿಯೂ ಇದೇ ಲಕ್ಷಣದವರು ಸಿಕ್ಕಿದರು. ಆಗಷ್ಟೇ ಗದ್ದೆಗಳಿಗೆ ಹೊಸ ತಳಿ, ಗೊಬ್ಬರ, ಎಂಡ್ರಿನ್, ಪ್ಯಾರಾಥಿಯಾನ್ ಬಂದ ಕಾಲ. ಕಾಯಿಲೆ ಬಿದ್ದವರು ಆ ಗದ್ದೆಗಳ ಏಡಿ, ಮೀನು ತಿನ್ನುವವರು. ಆದ್ದರಿಂದ ಔಷಧಿ ಕುಡಿದ ಏಡಿಯೇ ಕಾರಣವೆಂಬ ಸಂಶಯ ಬಲವಾಗಿ ಹಬ್ಬಿತು, ಪತ್ರಿಕೆಗಳಲ್ಲಿಯೂ ಬಂತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ ಎಂಬ ವಿಜ್ಞಾನಿಗಳು ಅಧ್ಯಯನ ಮಾಡಿ 1977ರಲ್ಲಿ ಇದಕ್ಕೆ ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂಬ ಅರ್ಥದ ಹೆಸರು ಕೊಟ್ಟರು. ‘ಕೌಟುಂಬಿಕ’ ಎಂಬ ಮಾತನ್ನು ಗಮನಿಸಬೇಕು. ಮುಂದಿನ ವರ್ಷಗಳ ಸಂಶೋಧನೆ, ಮನೆತನಗಳ ವಂಶಾವಳಿ ಮತ್ತು ಎಕ್ಸರೇಗಳನ್ನು ನೋಡಿ, ಇದು ತಂದೆ ತಾಯಿಯರಿಂದ ಮಕ್ಕಳಿಗೆ ಬರುವ ಮೂಳೆಯ ಬೆಳವಣಿಗೆಯ ದೋಷವೆಂಬ ತೀರ್ಮಾನಕ್ಕೆ ಬಂತು.

ಹಾಗಾದರೆ ಏಡಿಯ ಸಂಶಯ ಸುಳ್ಳಾಯಿತಲ್ಲ ಎಂದು ಕೆಲವರು ಹಗುರವಾಗಿ ಹೇಳುವುದುಂಟು. ನಾನು ಇದನ್ನು ಹಾಗೆ ನೋಡುವುದಿಲ್ಲ. ಆ ಕಾಯಿಲೆಗೆ ಆ ಕಾರಣ ಒಪ್ಪಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಒಂದೇ ಗದ್ದೆಯ ಏಡಿ ತಿಂದರೂ ಬೇರೆ ಮನೆತನದವರಿಗೆ ಕಾಯಿಲೆ ಬರಲಿಲ್ಲವೆಂದ ಮೇಲೆ ವಾದ ಮುಗಿಯಿತು. ಆದರೆ ಗದ್ದೆಯ ಔಷಧಿ ಏಡಿಯ ಮೂಲಕ ಮನುಷ್ಯರ ತಟ್ಟೆಗೆ ಬರುವ ದಾರಿ ಇದೆಯೇ ಎಂಬ ಪ್ರಶ್ನೆಯನ್ನು ಮಲೆನಾಡಿನಲ್ಲಿ ಮೊದಲು ಎತ್ತಿದ್ದು ಹಂದಿಗೋಡು. ಆ ದಾರಿ ಇದ್ದದ್ದು ನಿಜ. ಇನ್ನೊಂದು ಸೂಕ್ಷ್ಮವಿದೆ. ಪ್ಯಾರಾಥಿಯಾನ್‌ನಂಥ ತೀಕ್ಷ್ಣ ವಿಷ ಬಿದ್ದರೆ ಏಡಿ ಅಲ್ಲಿಯೇ ಸತ್ತು ಮಗುಚಿಕೊಳ್ಳುತ್ತದೆ. ಸತ್ತ ಏಡಿಯನ್ನು ಕಂಡವರು ಎಚ್ಚರವಾಗುತ್ತಾರೆ. ಕೊಬ್ಬಿನಲ್ಲಿ ಕೂರುವ ವಿಷ ಸ್ವಲ್ಪ ಸ್ವಲ್ಪವೇ ಸೇರಿದಾಗ ಏಡಿ ಸಾಯುವುದಿಲ್ಲ. ಚುರುಕಾಗಿಯೇ ಓಡಾಡುತ್ತಿರುತ್ತದೆ, ದಪ್ಪಗೂ ಇರುತ್ತದೆ. ಹಿಡಿದವರಿಗೆ ಅದು ಒಳ್ಳೆಯ ಏಡಿ.

ಇನ್ನು ಅಬ್ಬಿಗೇರಿಯವರ ಬೆಣ್ಣೆಯ ಪ್ರಶ್ನೆಗೆ ಬರೋಣ. ಹಸು ಮೇಯುವ ಹುಲ್ಲು, ತಿನ್ನುವ ತೌಡು, ಹಿಂಡಿಗಳಲ್ಲಿ ಡಿ.ಡಿ.ಟಿ. ಅಥವಾ ಬಿ.ಎಚ್.ಸಿ. ಇದ್ದರೆ ಅದು ಹಸುವಿನ ಕೊಬ್ಬಿಗೆ ಸೇರುತ್ತದೆ. ಎಣ್ಣೆಕಾಳಿನಲ್ಲಿ ಎಣ್ಣೆ ಇರುವುದರಿಂದ ಹಿಂಡಿಯಲ್ಲಿ ಅಂಥ ಶೇಷ ಉಳಿಯುವುದು ಸಹಜ. ಔಷಧಿ ಹೊಡೆದ ಗದ್ದೆಯ ಹುಲ್ಲಂತೂ ಇನ್ನೂ ನೇರವಾದ ದಾರಿ. ಹಸುವಿಗೆ ಆ ಕೊಬ್ಬಿನ ವಿಷವನ್ನು ಹೊರಹಾಕಲು ಇರುವ ದೊಡ್ಡ ಬಾಗಿಲು ಒಂದೇ, ಕೆಚ್ಚಲು. ಹಾಲಿನಲ್ಲಿರುವ ಕೊಬ್ಬಿನ ಜೊತೆಗೆ ಅದು ಹೊರಗೆ ಬರುತ್ತದೆ. ಮೂತ್ರದಲ್ಲಿ ಹೋಗಬೇಕಾದದ್ದು ನಮ್ಮ ಲೋಟಕ್ಕೆ ಬರುತ್ತದೆಂದರೂ ತಪ್ಪಾಗದು.

ಇದು ಊಹೆಯ ಮಾತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 12 ರಾಜ್ಯಗಳಿಂದ 2,205 ಹಾಲಿನ ಮಾದರಿಗಳನ್ನು ಪರೀಕ್ಷಿಸಿ 1993ರಲ್ಲಿ ವರದಿ ಕೊಟ್ಟಿತು. ನೂರಕ್ಕೆ 82 ಮಾದರಿಗಳಲ್ಲಿ ಡಿ.ಡಿ.ಟಿ. ಇತ್ತು. ನೂರಕ್ಕೆ 37ರಲ್ಲಿ ಅದು ಕಿಲೋಗೆ 0.05 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿತ್ತು. ಹಾಲಿನಿಂದ ಬೆಣ್ಣೆ, ಬೆಣ್ಣೆಯಿಂದ ತುಪ್ಪ ಮಾಡುವಾಗ ಏನಾಗುತ್ತದೆಂಬುದನ್ನು ಮನೆಯ ಹೆಂಗಸರೇ ಲೆಕ್ಕ ಹಾಕಬಲ್ಲರು. ನೂರು ಭಾಗ ಹಾಲಿನಲ್ಲಿ ಕೊಬ್ಬು ನಾಲ್ಕು ಭಾಗ. ಕೊಬ್ಬೆಲ್ಲ ತುಪ್ಪಕ್ಕೆ ಬಂದಾಗ ಅದರೊಳಗಿನ ವಿಷವೂ ಅದರ ಜೊತೆಗೆ ಬರುತ್ತದೆ, ಹಾಲಿನಲ್ಲಿ 0.05 ಇದ್ದದ್ದು ತುಪ್ಪದ ಕಿಲೋಗೆ 1.25 ಮಿಲಿಗ್ರಾಂ. ಹೊಸದಾಗಿ ವಿಷ ಸೇರಿತೆಂದು ಇದರ ಅರ್ಥವಲ್ಲ, ಚದುರಿದ್ದು ಒಂದೆಡೆ ಸೇರಿತೆಂದು ಅರ್ಥ. ಮಜ್ಜಿಗೆಯಲ್ಲಿ ಉಳಿಯುವುದು ಅತ್ಯಲ್ಪ.

ಆದುದರಿಂದ ಬೀಗರ ಪ್ರಶ್ನೆಗೆ ಉತ್ತರ: ಆ ಕಾಲದ ಎಣ್ಣೆ ಬರುತ್ತಿತ್ತು. ಈ ಕಾಲದ್ದು ಬಹುಪಾಲು ಆ ದಾರಿಯಲ್ಲಿ ಬರುವುದಿಲ್ಲ. 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ಸಿಕ್ಕ ಮೇಲೆ ಎರೆಹೊಲಗಳಲ್ಲಿ ಕಾಯಿಕೊರಕಕ್ಕೆ ಹೊಡೆಯುವುದು ಇಳಿಯಿತು. ರಸ ಹೀರುವ ಹುಳುಗಳಿಗೆ ಹೊಡೆಯುವ ಇಮಿಡಾಕ್ಲೋಪ್ರಿಡ್‌ನಂಥವು ನೀರಿನಲ್ಲಿ ಕರಗುವ ಜಾತಿಯವು. ಅವು ತುಪ್ಪದಲ್ಲಿ ಗಟ್ಟಿಯಾಗಿ ಕೂರುವುದಿಲ್ಲ. ಹಾಗೆಂದು ಅವು ಸಾಧುವೆಂದು ತಿಳಿಯಬಾರದು. ಜೇನಿಗೆ ಅವು ಮಾರಕ, ಮತ್ತು ರೊಬಸ್ಟ ಹೂ ಕಚ್ಚುವುದು ಜೇನಿನ ಓಡಾಟವನ್ನು ಎಷ್ಟು ಅವಲಂಬಿಸಿದೆಯೆಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ.

ಸರಪಳಿಯ ತುದಿಯಲ್ಲಿ ಮನುಷ್ಯ ಇದ್ದಾನೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ತುದಿಯಲ್ಲಿರುವುದು ಮೊಲೆ ಕುಡಿಯುವ ಮಗು. ಹಸುವಿಗೆ ಯಾವ ನಿಯಮವೋ ತಾಯಿಗೂ ಅದೇ. ಇಪ್ಪತ್ತು ಇಪ್ಪತ್ತೈದು ವರ್ಷ ಆಕೆಯ ಮೈಯಲ್ಲಿ ಸ್ವಲ್ಪ ಸ್ವಲ್ಪವೇ ಸೇರಿದ್ದು ಹಾಲಿನ ಕೊಬ್ಬಿನೊಡನೆ ಮಗುವಿಗೆ ಹೋಗುತ್ತದೆ. ಚೊಚ್ಚಲು ಮಗುವಿಗೆ ಹೆಚ್ಚು. ಇದನ್ನು ಓದಿ ಯಾರೂ ಹಾಲೂಡಿಸುವುದನ್ನು ಬಿಡಬಾರದು. ತಾಯಿಯ ಹಾಲಿನಿಂದ ಮಗುವಿಗೆ ಸಿಗುವ ರಕ್ಷಣೆ ಈ ಅಪಾಯಕ್ಕಿಂತ ಬಹಳ ದೊಡ್ಡದೆಂದು ವೈದ್ಯರು ಒಮ್ಮತದಿಂದ ಹೇಳುತ್ತಾರೆ. ಎಚ್ಚರ ವಹಿಸಬೇಕಾದದ್ದು ತೊಟ್ಟಿಲ ಬಳಿಯಲ್ಲಿ ಅಲ್ಲ, ಔಷಧಿ ಕಲಸುವ ಪೀಪಾಯಿಯ ಬಳಿಯಲ್ಲಿ.

ಅಡಿಕೆ ಬೆಳೆಗಾರರಿಗೆ ಎಲ್ಲಕ್ಕಿಂತ ಹತ್ತಿರದ ಕಥೆ ಕಾಸರಗೋಡಿನದು. ಕರ್ನಾಟಕದ ಗಡಿಗೆ ತಾಗಿದ ಎಣ್ಮಕಜೆ ಪಂಚಾಯಿತಿಯ ಪಡ್ರೆ ಕನ್ನಡ, ತುಳು ಮಾತಾಡುವ ಊರು. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿಂದ ನೀರು, ತಗ್ಗಿನಲ್ಲಿ ಅಡಿಕೆ ತೋಟ. ಗುಡ್ಡದ ಮೇಲೆ ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್‌ನವರ ಗೇರು ತೋಟ. ಗೇರಿನ ಚಹಾ ಸೊಳ್ಳೆಗೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಹೊಯ್ದರು. ಮೇಲೆ ಬಿದ್ದದ್ದು ಕೆಳಗೆ ಇಳಿಯಿತು. ಸುರಂಗ, ತೋಡು, ಬಾವಿ ಯಾವುದಕ್ಕೂ ಮುಚ್ಚಳವಿರಲಿಲ್ಲ. ಅಂಗವಿಕಲ ಕರುಗಳು ಹುಟ್ಟುತ್ತಿರುವುದನ್ನು ಕುರಿತು ಆ ಊರಿನ ಕೃಷಿಕ ಪತ್ರಕರ್ತ ಶ್ರೀಪಡ್ರೆಯವರು 1979ರಷ್ಟು ಹಿಂದೆಯೇ ಬರೆದರು. ಮುಂದೆ ಅಲ್ಲಿನ ವೈದ್ಯ ಡಾ. ಮೋಹನ ಕುಮಾರ್ ಅವರು ತಮ್ಮಲ್ಲಿಗೆ ಬರುತ್ತಿದ್ದ ಮಕ್ಕಳ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನ ದೋಷಗಳನ್ನು ಗುರುತು ಹಾಕಿಟ್ಟರು. ನಮ್ಮ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಸುತ್ತಲೂ ಗೇರು ತೋಟಗಳ ಕೆಳಗೆ ಇದೇ ಕಥೆ. ಅಲ್ಲಿ ಪೀಡಿತ ಮಕ್ಕಳಿಗೆಂದೇ ಹಗಲು ಪಾಲನಾ ಕೇಂದ್ರ ತೆರೆಯಬೇಕಾಯಿತು.

ಕಾಸರಗೋಡಿನಲ್ಲಿ ವಿಷ ಜನರಿಗೆ ಮುಟ್ಟಿದ್ದು ಆಹಾರದ ಸರಪಳಿಯಿಂದ ಮಾತ್ರ ಅಲ್ಲ. ಗಾಳಿಯಿಂದ, ನೀರಿನಿಂದ, ಮೈಮೇಲೆ ನೇರವಾಗಿ ಬಿದ್ದದ್ದರಿಂದ. ಆದ್ದರಿಂದ ಯಾವುದರ ಪಾಲು ಎಷ್ಟು ಎಂದು ವಿಂಗಡಿಸುವುದು ಸುಲಭವಲ್ಲ. ನೇಮಿಸಿದ ಸಮಿತಿಗಳ ವರದಿಗಳೂ ಒಂದಕ್ಕೊಂದು ಹೊಂದಲಿಲ್ಲ. ಎಂಡೋಸಲ್ಫಾನ್ ಬೇಗ ಒಡೆಯುತ್ತದೆಂದು ಮಾರುವವರು ಹೇಳುತ್ತಿದ್ದರು. ಅದು ಒಡೆದು ಆಗುವ ಎಂಡೋಸಲ್ಫಾನ್ ಸಲ್ಫೇಟ್ ಮೂಲದಷ್ಟೇ ವಿಷಕಾರಿ, ಮೂಲಕ್ಕಿಂತ ಹೆಚ್ಚು ಕಾಲ ಬಾಳುವಂಥದು ಎಂಬುದನ್ನು ಹೇಳುತ್ತಿರಲಿಲ್ಲ. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು. ಅದೇ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. 2017ರ ಜನವರಿಯಲ್ಲಿ ಪೀಡಿತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆಜ್ಞೆ ಮಾಡಿತು. ಕಾಫಿಯ ಕಾಯಿಕೊರಕ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿಕೊಂಡ ಮೇಲೆ ಅದಕ್ಕೂ ಇದೇ ಎಂಡೋಸಲ್ಫಾನನ್ನು ಶಿಫಾರಸು ಮಾಡುತ್ತಿದ್ದರೆಂಬುದನ್ನು ಬಹಳ ಸದಸ್ಯರು ಬಲ್ಲರು.

ಹೀಗೆ ಹೇಳುತ್ತ ಹೋದರೆ ತೋಟದಲ್ಲಿ ಏನನ್ನೂ ಮುಟ್ಟಬಾರದೆಂಬ ಭಯ ಹುಟ್ಟಬಹುದು. ಅದು ಬೇಡ. ಅಡಿಕೆಯ ಕೊಳೆರೋಗಕ್ಕೆ ಕೋಲ್ಮನ್ ಸಾಹೇಬರು ನೂರು ವರ್ಷಕ್ಕೂ ಹಿಂದೆ ಬಳಕೆಗೆ ತಂದ ಬೋರ್ಡೋ ದ್ರಾವಣವನ್ನು ನೋಡಿ. ಮೈಲುತುತ್ತದ ತಾಮ್ರ ಒಡೆಯುವುದೇ ಇಲ್ಲ, ಅದು ಮೂಲಧಾತು. ಆದರೆ ಕೊಬ್ಬಿಗೆ ಅಂಟುವುದಿಲ್ಲ, ಮೆಟ್ಟಿಲು ಹತ್ತಿ ಹಿಗ್ಗುವುದಿಲ್ಲ. ಅದು ಕೂಡಿಕೊಳ್ಳುವುದು ಮಣ್ಣಿನಲ್ಲಿ. ತಲೆಮಾರುಗಳಿಂದ ಹೊಡೆದ ತೋಟಗಳ ಮೇಲ್ಮಣ್ಣಿನಲ್ಲಿ ತಾಮ್ರ ಹೆಚ್ಚಿ ಎರೆಹುಳು ಕಡಿಮೆಯಾಗುವ ತೊಂದರೆ ಬೇರೆ. ಶೇಖರವಾಗುವುದು ಒಂದು, ಸರಪಳಿಯಲ್ಲಿ ಏರುವುದು ಇನ್ನೊಂದು. ಥಿಮೆಟ್ ಎಂದು ಹೆಸರಾಗಿದ್ದ ಫೋರೇಟ್ ಹರಳನ್ನು ಬಾಳೆ, ಏಲಕ್ಕಿ ಬುಡಗಳಿಗೆ ಹಾಕುತ್ತಿದ್ದರು. ಅದು ಕೈಯಲ್ಲಿ ಮುಟ್ಟಿದವನಿಗೇ ಅಪಾಯ, ಹಳ್ಳಕ್ಕೆ ಹೋದರೆ ಮೀನು ಏಡಿಗಳ ಸಾಮೂಹಿಕ ಮರಣ, ಆದರೆ ತುಪ್ಪದವರೆಗೆ ಏರುವ ಬಗೆಯದಲ್ಲ. 2020ರ ಕೊನೆಗೆ ಅದೂ ನಿಷೇಧವಾಯಿತು. ಲಿಂಡೇನ್ ಹೋದ ಮೇಲೆ ಕಾಂಡಕೊರಕಕ್ಕೂ ಕಾಯಿಕೊರಕಕ್ಕೂ ನಾವು ಹಿಡಿದದ್ದು ಕ್ಲೋರ್‌ಪೈರಿಫಾಸ್. ಡಿ.ಡಿ.ಟಿ.ಯಷ್ಟಲ್ಲದಿದ್ದರೂ ಕೊಬ್ಬಿಗೆ ಒಲಿಯುವ ಗುಣ ಇದರಲ್ಲಿದೆ. 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸಭೆ ಇದನ್ನೂ, ಕೆಲವು ವಿನಾಯಿತಿಗಳನ್ನು ಇಟ್ಟು, ನಿರ್ಮೂಲನದ ಪಟ್ಟಿಗೆ ಸೇರಿಸಿತು. ಕಾಂಡ ಉಜ್ಜುವುದು, ಕೊರೆದ ಗಿಡವನ್ನು ದುಂಬಿ ಹೊರಡುವ ಮೊದಲೇ ಕಿತ್ತು ಸುಡುವುದು, ನೆರಳು ಕಾಪಾಡುವುದು ಮೊದಲಾದ ಹಳೆಯ ಕೆಲಸಗಳಿಗೆ ಆಳು ಸಿಗುವುದಿಲ್ಲವೆಂದು ಸಿಂಪಡಣೆಗೆ ಒಗ್ಗಿದವರು ಈಗಿನಿಂದಲೇ ಯೋಚಿಸುವುದು ಒಳ್ಳೆಯದು.

ಇಲಿ ಪಾಷಾಣದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಬಹಳ ಜನರಿಗೆ ಇದರ ಕಲ್ಪನೆಯಿಲ್ಲ. ತೆಂಗು, ಕೋಕೋ ಇರುವ ತೋಟಗಳಲ್ಲಿ ಬ್ರೋಮಾಡಯೊಲೋನ್ ಬಿಲ್ಲೆಗಳನ್ನು ಇಡುವುದು ಸಾಮಾನ್ಯ. ಇದನ್ನು ತಿಂದ ಇಲಿ ಕೂಡಲೆ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದಿ ನಾಲ್ಕಾರು ದಿನಕ್ಕೆ ಸಾಯುತ್ತದೆ. ಆ ನಾಲ್ಕಾರು ದಿನ ಮಂಕಾಗಿ ಬಯಲಿನಲ್ಲಿ ತೂಕಡಿಸುತ್ತಿರುತ್ತದೆ. ಗೂಬೆಗೆ, ಕೇರೆಹಾವಿಗೆ ಅದಕ್ಕಿಂತ ಸುಲಭದ ಊಟ ಬೇರೆಯಿಲ್ಲ. ಈ ವಿಷ ಕೊಬ್ಬಿನಲ್ಲಿ ಅಲ್ಲ, ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದರ ಮೇಲೊಂದು ಇಲಿ ತಿಂದ ಗೂಬೆಯಲ್ಲಿ ಕೂಡುತ್ತ ಹೋಗುತ್ತದೆ. ಒಂದು ಜೊತೆ ಕಣಜಗೂಬೆ ಮರಿ ಮಾಡುವ ಕಾಲದಲ್ಲಿ ಹಿಡಿಯುವ ಇಲಿಗಳ ಲೆಕ್ಕ ನೋಡಿದರೆ, ಬಿಲ್ಲೆ ಇಟ್ಟು ಗೂಬೆ ಕಳೆದುಕೊಂಡವನಿಗೆ ಮುಂದಿನ ವರ್ಷ ಇನ್ನೂ ಹೆಚ್ಚು ಬಿಲ್ಲೆ ಬೇಕಾಗುವುದು ಆಶ್ಚರ್ಯವಲ್ಲ. ಇಡಲೇಬೇಕಾದರೆ ಕೆಲವು ದಿನ ಮಾತ್ರ ಇಟ್ಟು ಉಳಿದದ್ದನ್ನು ತೆಗೆಯಬೇಕು, ಸತ್ತ ಇಲಿಗಳನ್ನು ಹುಡುಕಿ ಆಳವಾಗಿ ಹೂಳಬೇಕು.

ಕೊನೆಯದಾಗಿ ಹಳೆಯ ದಾಸ್ತಾನಿನ ವಿಷಯ. ನಿಷೇಧದ ಆಜ್ಞೆ ಬಂದಾಗ ಅಂಗಡಿಯಲ್ಲಿದ್ದದ್ದು ವಾಪಸು ಹೋಯಿತು, ನಮ್ಮ ಅಟ್ಟ, ಡಿಪೋ, ಪಂಪುಮನೆಗಳಲ್ಲಿದ್ದದ್ದು ಅಲ್ಲಿಯೇ ಉಳಿಯಿತು. ಬಿ.ಎಚ್.ಸಿ. ಪುಡಿ, ಲಿಂಡೇನ್, ಎಂಡೋಸಲ್ಫಾನ್ ಡಬ್ಬಿಗಳು ಇನ್ನೂ ಕೆಲವರಲ್ಲಿ ಇರಬಹುದು. ಕಾಲ ಕಳೆದಿದೆ, ಸತ್ವ ಹೋಗಿರಬಹುದೆಂದು ಭಾವಿಸಬಾರದು; ಮುಚ್ಚಿದ ಡಬ್ಬಿಯಲ್ಲಿ ಇಂಥವು ಬಹುಕಾಲ ಬಾಳುತ್ತವೆ. ಮುಗಿಸಿಬಿಡೋಣವೆಂದು ಹೊಡೆಯಬೇಡಿ. ಹಳ್ಳಕ್ಕೆ ಚೆಲ್ಲಬೇಡಿ, ಬಾವಿಯ ಹತ್ತಿರ ಹೂಳಬೇಡಿ. ಸುಡಲಂತೂ ಬೇಡಿ, ಕ್ಲೋರಿನ್ ಇರುವ ಔಷಧಿಯನ್ನು ಬಯಲಲ್ಲಿ ಸುಟ್ಟರೆ ಡಯಾಕ್ಸಿನ್ ಎಂಬ, ಇವೆಲ್ಲಕ್ಕಿಂತ ಬಲವಾಗಿ ಕೊಬ್ಬಿನಲ್ಲಿ ಕೂರುವ ವಸ್ತು ಹುಟ್ಟುತ್ತದೆ. ಸೋರುವ ಡಬ್ಬಿಯಿದ್ದರೆ ದೊಡ್ಡ ಪ್ಲಾಸ್ಟಿಕ್ ಡಬ್ಬದೊಳಗೆ ಇಟ್ಟು, ಮಕ್ಕಳ ಕೈಗೂ ದನಕರುಗಳ ಬಾಯಿಗೂ ಸಿಗದಂತೆ ಬೀಗ ಹಾಕಿ. ಮುಂದಿನ ಮಳೆಗಾಲದೊಳಗೆ ಅಂಥ ಡಬ್ಬಿಗಳ ಪಟ್ಟಿಯನ್ನು ಸಂಘದ ಕಛೇರಿಗೆ ಬರೆದು ತಿಳಿಸಬೇಕಾಗಿ ಕೋರಿಕೆ. ಡಬ್ಬಿಯ ಮೇಲಿನ ಹೆಸರು, ತೂಕ, ತಯಾರಾದ ವರ್ಷ ಇಷ್ಟು ಸಾಕು. ಯಾರಲ್ಲಿ ಏಕೆ ಉಳಿದಿದೆ ಎಂದು ಕೇಳುವುದಿಲ್ಲ. ಒಟ್ಟು ಪಟ್ಟಿಯಾದ ಮೇಲೆ ಕೃಷಿ ಇಲಾಖೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯವರಿಗೆ ಒಂದೇ ಅರ್ಜಿಯಾಗಿ ಬರೆಯಬಹುದು. ಚೀಟಿ ಅಳಿಸಿಹೋಗಿದ್ದರೆ ಮುಚ್ಚಳ ತೆಗೆದು ಮೂಸಿ ನೋಡಲು ಹೋಗದೆ ‘ಹೆಸರು ತಿಳಿಯದು’ ಎಂದೇ ಬರೆಯಿರಿ.